ಕ್ಯಾಮೆರಾಗೆ ಬೆನ್ನು ಹಾಕಿ ಕೂತವನು

"ಏನ್ರೀ ಅಂದ್ರಿ ಈಗ? ಇನ್ನೊಂದ್ ಸಲ ಅನ್ನಿ ನೋಡೋಣ!"

ಡೈರೆಕ್ಟರ್ 'ಕಟ್' ಅಂದದ್ದೇ ತಡ, ಚಂದನ ಎದ್ದು ನಿಂತಿದ್ದಳು. ಕ್ಯಾಂಟೀನಿನಲ್ಲಿದ್ದ ಅಷ್ಟೂ ಜನ ತಿರುಗಿ ನೋಡಿದರು.

ಎದುರಿಗೆ ಕೂತಿದ್ದ ಹುಡುಗ ಕಣ್ಣು ಕಣ್ಣು ಬಿಟ್ಟ.

"ನಾನಾ? ನಾನೇನೂ ಅನ್ನಲಿಲ್ಲ ಕಣ್ರೀ..."

"ಸುಳ್ಳು! ನನ್ನೇ ನೋಡ್ಕೊಂಡು ತುಟಿ ಆಡಿಸ್ತಿದ್ರಿ. ಮೇಲೆ ನಗು ಬೇರೆ!"

"ಅಯ್ಯೋ, ಆಡಿಸಿ ಅಂತ ಅವರೇ ಹೇಳಿದ್ದಲ್ವಾ? ಮಾತಾಡೋ ಹಂಗೆ ಕಾಣ್ಬೇಕು, ಸೌಂಡ್ ಬರಬಾರ್ದು ಅಂತ. ಏನ್ ಮಾತಾಡೋದು ಅಂತ ಗೊತ್ತಾಗ್ದೆ ಬಸ್ಸಿನ ಸ್ಟಾಪ್ ಹೇಳ್ತಿದ್ದೆ. ಬೆಳಕವಾಡಿ, ಮಳವಳ್ಳಿ, ಕೆ.ಎಂ. ದೊಡ್ಡಿ... ಮದ್ದೂರು ಬರೋ ಹೊತ್ಗೆ ಕಟ್ ಅಂದ್ಬುಟ್ರು."

ಪಕ್ಕದ ಮೇಜಿನವರು ಗೊಳ್ಳೆಂದು ನಕ್ಕರು. ಚಂದನ ಮುಖ ಊದಿಸಿಕೊಂಡು ಕೂತಳು. ಕೂರದೆ ಇನ್ನೇನು ಮಾಡಿಯಾಳು? ಎದ್ದು ಹೋಗುವ ಹಾಗೂ ಇರಲಿಲ್ಲ.

ಭಾರತೀನಗರದ ಆ ಕಾಲೇಜಿನಲ್ಲಿ ಸಿನಿಮಾ ಶೂಟಿಂಗ್. ಕಾಲೇಜು ಹುಡುಗರದೇ ಕಥೆಯಂತೆ. ಹೀರೋ, ಹೀರೋಯಿನ್ ಬೆಂಗಳೂರಿನಿಂದ ಬಂದವರು. ಅವರ ಹಿಂದೆ ಇಡ್ಲಿ ತಿನ್ನುತ್ತಾ ಹರಟುತ್ತಾ ಕೂರಲು ಮಾತ್ರ ಇಲ್ಲಿನ ವಿದ್ಯಾರ್ಥಿಗಳೇ ಬೇಕಿತ್ತು. ರಜೆಯಲ್ಲಿದ್ದವರನ್ನು ಕರೆಸಿ ಜೋಡಿ ಜೋಡಿಯಾಗಿ ಕೂರಿಸಿದ್ದರು. ಮೊದಲ ದಿನ ಯಾರು ಯಾರ ಎದುರು, ಯಾವ ಬಟ್ಟೆಯಲ್ಲಿ ಕೂತರೋ, ಆ ದೃಶ್ಯ ಮುಗಿಯುವ ತನಕ ದಿನಾ ಅದೇ ಬಟ್ಟೆ, ಅದೇ ಕುರ್ಚಿ, ಅದೇ ಜೋಡಿ. ಒಂದು ಬದಲಾದರೂ ಅಸಿಸ್ಟೆಂಟ್ ಡೈರೆಕ್ಟರ್ ಕೂಗಾಡುತ್ತಿದ್ದ.

ಹೀಗಾಗಿ ಬೆಳಕವಾಡಿಯ ಶಶಿಧರ ಚಂದನಳಿಗೆ ಗಂಟು ಬಿದ್ದಿದ್ದ!

ಚಂದನ ಕಿರುಗಾವಲಿನ ನಿಂಗಯ್ಯನವರ ಮಗಳು. ಬಿ.ಎಡ್. ಓದುತ್ತಿದ್ದಳು. ಗೆಳತಿ ಪ್ರಿಯಾಂಕ ಕೈ ಹಿಡಿದು ಎಳೆದದ್ದಕ್ಕೆ ಶೂಟಿಂಗಿಗೆ ಬಂದೆ ಎಂದು ಎಲ್ಲರಿಗೂ ಹೇಳಿಕೊಂಡಿದ್ದಳು. ಎಳೆದದ್ದೇನೋ ನಿಜ. ಆದರೆ ಎಳೆಯಲಿ ಎಂದು ಕೈ ಚಾಚಿಕೊಂಡು ನಿಂತವಳೂ ಇವಳೇ.

ಆಸೆ ಎಷ್ಟಿತ್ತೋ ಭಯವೂ ಅಷ್ಟೇ ಇತ್ತು. ಮದ್ದೂರಿನ ಕಡೆಯಿಂದ ಒಂದು ಸಂಬಂಧ ಬಂದಿತ್ತು. "ಹುಡುಗಿ ರೀಲ್ಸು, ಫೋಟೋ ಅಂತ ಊರಿಗೆಲ್ಲ ಮುಖ ತೋರಿಸಲ್ಲ ತಾನೇ?" ಎಂದು ಹುಡುಗನ ಅಕ್ಕ ಕೇಳಿದ್ದಳು. "ನಮ್ಮುಡ್ಗಿ ಅಂತೋಳಲ್ಲ ಕಣವ್ವ," ಎಂದು ನಿಂಗಯ್ಯ ಎದೆಯುಬ್ಬಿಸಿ ಹೇಳಿಬಿಟ್ಟಿದ್ದರು. ಈಗ ಯಾವನೋ ಹುಡುಗನ ಎದುರು ಕೂತ ಮಗಳು ಥಿಯೇಟರಿನ ಪರದೆ ಮೇಲೆ ಬಂದರೆ? ಸಂಬಂಧ ತಪ್ಪುವುದಿರಲಿ, ಓದೂ ಅಲ್ಲಿಗೇ ನಿಲ್ಲುತ್ತದೆ.

"ಪ್ರಿಯಾ, ನನ್ ಮುಖ ಮಾತ್ರ ಕಾಣಬಾರ್ದು ಕಣೇ. ಕಂಡ್ರೆ ಸತ್ತೆ ನಾನು!" ಎಂದು ಮೊದಲ ದಿನ ಗೇಟಿನ ಹತ್ತಿರ ಪಿಸುಗುಟ್ಟಿದ್ದಳು. ಪ್ರಿಯಾಂಕಳಿಗೆ ಮಾತ್ರ ಕೇಳಿಸಿತು ಎಂದುಕೊಂಡಿದ್ದಳು, ಪಾಪ.

ಕಿರುಗಾವಲಿನವಳೂ ಬೆಳಕವಾಡಿಯವನೂ ಮಳವಳ್ಳಿಯಲ್ಲಿ ಒಂದೇ ಬಸ್ಸು ಹತ್ತಬೇಕು. ಮೊದಲ ಎರಡು ದಿನ ಅವಳು ಕಿಟಕಿ ಕಡೆ ತಿರುಗಿಕೊಂಡೇ ಬಂದಳು. ಆಮೇಲೆ ಅದೂ ಬೇಜಾರಾಯಿತು.

"ನಿಮ್ಮ ಮನೇಲಿ ಗೊತ್ತಾ?" ಎಂದು ಕೇಳಿದಳು.

"ಗೊತ್ತಾ ಅಂತೀರಾ? ನಮ್ಮವ್ವ ಮರಿತಾಯಮ್ಮ ಇಡೀ ಬೆಳಕವಾಡಿಗೆ ಸಾರಿಬುಟ್ಟವ್ಳೆ. 'ನಮ್ ಸಸಿ ಪಿಚ್ಚರ್‌ನಾಗೆ ಬತ್ತಾನೆ, ಎಲ್ರೂ ಟ್ಯಾಕ್ಟ್ರು ಮಾಡ್ಕಂಡು ಓಗಾನ' ಅಂತ!"

"ನಿಮಗೂ ಆಸೆನಾ?"

"ಸ್ಕೂಲಿಂದ್ಲೂ ಕಣ್ರೀ. ಎಂ.ಕಾಂ. ಮಾಡ್ತಿರೋದು ಅವ್ವನಿಗೋಸ್ಕರ. ಇದು ನನಗೋಸ್ಕರ." ಹೇಳುವಾಗ ಅವನ ಕಣ್ಣು ಹೊಳೆಯಿತು.

ಆ ಹೊಳಪು ಚಂದನಳ ತಲೆಯೊಳಗೆ ಕೂತುಬಿಟ್ಟಿತು. ಮನೆಯಲ್ಲಿ ಕೂತರೆ ಏಳಬೇಕು, ಎದ್ದರೆ ಹಿತ್ತಲ ಬಾಗಿಲ ತನಕ ಹೋಗಿ ಬರಬೇಕು. ತಟ್ಟೆಯಲ್ಲಿ ಮುದ್ದೆ ಆರಿ ಕಲ್ಲಾದರೂ ಕೈ ಹೋಗದು. ಬೆಳಗಾಗಲು ಯಾಕಿಷ್ಟು ಹೊತ್ತು? ಬಸ್ಸು ಯಾಕಿಷ್ಟು ನಿಧಾನ? ತನಗೇನಾಗಿದೆ?

ಇನ್ನೊಂದು ವಿಚಿತ್ರವೂ ಆಗುತ್ತಿತ್ತು. ಮುಖ ಮುಚ್ಚಿಕೊಳ್ಳಲು ಜಾಗ ಹುಡುಕುತ್ತಿದ್ದವಳು ಈಗ ಕ್ಯಾಮೆರಾ ಎಲ್ಲಿದೆ ಎಂದು ನೋಡುತ್ತಿದ್ದಳು. ಸೆರಗು ಸರಿಮಾಡಿಕೊಳ್ಳುತ್ತಿದ್ದಳು. 'ಕಂಡರೆ ಕಾಣಲಿ... ಒಂದೇ ಒಂದು ಸಲ ಕಾಣಲಿ!' ಎಂದು ಮನಸ್ಸು ಹಟ ಹಿಡಿಯುತ್ತಿತ್ತು.

ಕ್ಯಾಂಟೀನಿನ ದೃಶ್ಯ ಮುಗಿದ ದಿನ ಪ್ರಿಯಾಂಕ ಓಡಿ ಬಂದಳು. ಮಾನಿಟರ್‌ನಲ್ಲಿ ಬಂದದ್ದನ್ನು ಕದ್ದು ಮೊಬೈಲಿನಲ್ಲಿ ಹಿಡಿದುಕೊಂಡಿದ್ದಳು.

"ನೋಡೇ ಚಂದು, ನಾನಿಲ್ಲಿ! ನಮ್ ಕ್ಲಾಸಿನ ಕುಸುಮ ಇಲ್ಲಿ! ನೀನು... ನೀನೆಲ್ಲೇ?"

ಚಂದನ ಇಣುಕಿದಳು. ತಾನು ಕೂತಿದ್ದ ಜಾಗದಲ್ಲಿ ಒಂದು ನೀಲಿ ಅಂಗಿಯ ಬೆನ್ನು. ಇನ್ನೊಂದು ಶಾಟ್‌ನಲ್ಲೂ ಅದೇ ಬೆನ್ನು. ಕ್ಯಾಮೆರಾ ಎಡಕ್ಕೆ ಸರಿದರೆ ಬೆನ್ನೂ ಎಡಕ್ಕೆ, ಬಲಕ್ಕೆ ಸರಿದರೆ ಅದೂ ಬಲಕ್ಕೆ. ಅವಳದೆಂದು ಕಂಡದ್ದು ಟೀ ಲೋಟ ಹಿಡಿದ ಕೈ ಮಾತ್ರ.

ನೇರ ಶಶಿಧರನ ಮುಂದೆ ಹೋಗಿ ನಿಂತಳು.

"ಬೇಕಂತಲೇ ಅಡ್ಡ ಕೂತಿದ್ರಾ?"

ಅವನು ತಡವರಿಸಿದ. "ಹೂಂ... ಆದ್ರೆ—"

"ಯಾಕೆ? ಸ್ಕೂಲಲ್ಲೂ ಕಾಲೇಜಲ್ಲೂ ಹಿಂದಿನ ಬೆಂಚಲ್ಲೇ ಕೂತೋಳು ನಾನು. ಒಂದ್ ಸಲ ಮುಂದೆ ಬರ್ತೀನಿ ಅಂದ್ಕೊಂಡಿದ್ದೆ. ಅದೂ ನಿಮ್ಮ ಕೈಲಿ ಸಹಿಸೋಕಾಗ್ಲಿಲ್ವಾ? ನನ್ ಮುಖ ಅಷ್ಟು ಕೆಟ್ಟದಾಗೈತಾ?"

"ಚಂದನ, ಒಂದ್ ನಿಮಿಷ ಕೇಳಿ..."

ಕೇಳಲಿಲ್ಲ. ಸಿಟ್ಟು ಬಂದರೆ ಕಿವಿ ಮುಚ್ಚಿಕೊಳ್ಳುವುದು ಅವಳಪ್ಪನಿಂದ ಬಂದ ಬಳುವಳಿ. ಸಿಕ್ಕಿದ ಬಸ್ಸು ಹತ್ತಿ ಹೊರಟೇಬಿಟ್ಟಳು. ದಾರಿಯುದ್ದಕ್ಕೂ ಕಣ್ಣೀರು. ಶಶಿಧರನ ಫೋನ್ ಬಂದಾಗಲೆಲ್ಲ ಕಟ್ ಮಾಡಿದಳು. ಆಮೇಲೆ ಅದು ಬಡಿದುಕೊಳ್ಳುವುದೂ ನಿಂತಿತು. ನಿಂತದ್ದಕ್ಕೆ ಇನ್ನೂ ಸಂಕಟವಾಯಿತು!

ಮರುದಿನ ಶೂಟಿಂಗಿಗೆ ರಜೆ. ಮಧ್ಯಾಹ್ನ ಪ್ರಿಯಾಂಕಳ ಫೋನ್ ಬಂತು.

"ಲೇ, ಎಂಥ ಕೆಲಸ ಮಾಡ್ದೆ ಕಣೇ ನೀನು! ನಾನು ಆ ಅಸಿಸ್ಟೆಂಟ್ ಡೈರೆಕ್ಟರ್‌ನ ಕೇಳ್ದೆ. ಮೊದಲ್ನೇ ದಿನಾನೇ ಶಶಿಧರನ್ನ ಹೀರೋ ಹಿಂದಿನ ಮೇಜಿಗೆ ಕರೆದಿದ್ರಂತೆ. ಪೂರ್ತಿ ಮುಖ, ಒಂದು ಡೈಲಾಗೂ ಕೊಡ್ತೀವಿ ಅಂದಿದ್ರಂತೆ. ಅವನು ಬರಲ್ಲ ಅಂದ್ಬುಟ್ನಂತೆ."

"ಯಾಕಂತೆ?"

"'ನನ್ನ ಎದುರಿಗಿರೋರ ಮುಖ ಕಾಣಬಾರ್ದು ಸಾರ್, ಮನೇಲಿ ತೊಂದ್ರೆ ಆಗುತ್ತಂತೆ, ನಾನು ಅಡ್ಡ ಕೂರ್ತೀನಿ' ಅಂದ್ನಂತೆ. ಗೇಟಲ್ಲಿ ನೀನು ಹೇಳ್ವಾಗ ನಮ್ಮ ಹಿಂದೇನೇ ಇದ್ನಲ್ಲೇ! ಇಡೀ ಪಿಚ್ಚರ್‌ನಲ್ಲಿ ಅವನದು ಬೆನ್ನು ಮಾತ್ರ ಕಣೇ ಇರೋದು..."

ಟ್ರ್ಯಾಕ್ಟರ್ ತುಂಬ ಊರವರನ್ನು ಕೂರಿಸಿಕೊಂಡು ಹೋಗಿ, ಥಿಯೇಟರಿನಲ್ಲಿ ಮಗನ ಮುಖ ಹುಡುಕುವ ಮರಿತಾಯಮ್ಮ ಚಂದನಳ ಕಣ್ಣ ಮುಂದೆ ಬಂದರು. ತಾನು ನೋಡಿಯೇ ಇರದ ಆ ತಾಯಿಗಾಗಿ ಬಿಕ್ಕಿ ಬಿಕ್ಕಿ ಅತ್ತಳು.

ಅಳುವಿನ ನಡುವೆ ಸಿಟ್ಟೂ ಬಂತು. 'ನನ್ನನ್ನೊಂದು ಮಾತು ಕೇಳಬಾರದಿತ್ತಾ?' ಮರುಕ್ಷಣವೇ, 'ಕಾಣಬಾರದು ಎಂದು ಹೇಳಿದವಳು ನಾನೇ. ಕಾಣಬೇಕು ಎಂದು ಯಾರಿಗೆ ಹೇಳಿದ್ದೆ?'

ಕೊನೆಯ ದಿನದ ಶೂಟಿಂಗ್ ಕಾಲೇಜಿನ ಮೆಟ್ಟಿಲುಗಳ ಮೇಲೆ. ಎಲ್ಲರೂ ಜಾಗ ಹಿಡಿಯುತ್ತಿದ್ದರು. ಶಶಿಧರ ಮಾತ್ರ ದೂರದ ಹೊಂಗೆ ಮರದ ಕೆಳಗೆ ನಿಂತಿದ್ದ. ಮುಖ ಬಾಡಿತ್ತು.

"ಯಾಕ್ ಹೇಳ್ಲಿಲ್ಲ?" ಹತ್ತಿರ ಬಂದು ಕೇಳಿದಳು ಚಂದನ.

"ಹೇಳಿದ್ರೆ ನನ್ನನ್ನ ಆ ಹೀರೋ ಹಿಂದಿನ ಮೇಜಿಗೆ ಕಳಿಸ್ಬುಡ್ತಿದ್ರಿ. ನಂಗೆ... ನಿಮ್ಮ ಮೇಜೇ ಬೇಕಿತ್ತು."

ಚಂದನ ತುಟಿ ಕಚ್ಚಿಕೊಂಡಳು.

"ಅವ್ವನಿಗೆ ಏನ್ ಹೇಳ್ತೀರಿ?"

"ಬೆನ್ನು ನೋಡಿದ್ರೂ ಗುರ್ತಿಡಿತಾಳೆ ಬುಡಿ, ಹೆತ್ತೋಳಲ್ವಾ," ಎಂದು ನಗಲು ನೋಡಿದ. ನಗು ಬರಲಿಲ್ಲ.

"ಇಲ್ಲೇ ಇರಿ. ಅಪ್ಪನಿಗೊಂದ್ ಫೋನ್ ಮಾಡಿ ಬರ್ತೀನಿ, ಎಲ್ಲೂ ಹೋಗ್ಬೇಡಿ," ಎಂದು ಚಂದನ ನೀರಿನ ಟ್ಯಾಂಕಿನ ಹಿಂದಕ್ಕೆ ಹೋದಳು. ಮನಸ್ಸು ಬದಲಾಗುವ ಮೊದಲೇ ಫೋನ್ ಒತ್ತಿದಳು.

"ಅಪ್ಪ, ನಮ್ ಕಾಲೇಜಲ್ಲಿ ಪಿಚ್ಚರ್ ತೆಗೀತಾವ್ರೆ. ಅದ್ರಲ್ಲಿ ನಾನು ಕಾಣ್ತೀನಿ."

ಆ ಕಡೆ ಟ್ರ್ಯಾಕ್ಟರ್ ಸದ್ದು ನಿಂತಿತು.

"ಏನವ್ವ ಇಂಗಂತೀಯ? ಮದ್ದೂರ್ನೋರ್ ಮುಂದೆ ನಾನ್ ಕೊಟ್ ಮಾತೇನಾಯ್ತು?"

"ನನ್ನ ಕೇಳ್ದೇ ಕೊಟ್ಟಿದ್ದಲ್ವಾ ಅಪ್ಪ ಅದು?"

"ಒಬ್ಳೇ ಕಾಣ್ತೀಯಾ?"

"ಇಲ್ಲ. ಪಕ್ಕದಲ್ಲಿ ಒಬ್ರು ಇರ್ತಾರೆ."

"ಯಾವನವ್ವ ಅವ್ನು? ನಿಂಗೇನಾಗ್ಬೇಕು?"

"ಅದನ್ನ ಅವರಿಗೇ ಇನ್ನೂ ಹೇಳಿಲ್ಲ ಅಪ್ಪ. ಮೊದ್ಲು ಅವರಿಗೆ ಹೇಳ್ತೀನಿ. ಆಮೇಲೆ ನಿಂಗೆ ಹೇಳ್ತೀನಿ."

ಕಡೆಗೆ ನಿಂಗಯ್ಯ ಅಂದರು, "ಸಂಜೆ ಮನೆಗ್ ಬಾ. ಕುಂತ್ಕಂಡ್ ಮಾತಾಡಾನ."

ಅದು ಹೂಂ ಅಲ್ಲ. ಊಹೂಂ ಕೂಡ ಅಲ್ಲ. ಚಂದನಳಿಗೆ ಅಷ್ಟು ಸಾಕಾಗಿತ್ತು. ಸರಸರ ಬಂದು ಶಶಿಧರನ ಕೈ ಹಿಡಿದು, ಮೆಟ್ಟಿಲುಗಳ ಮುಂದಿನ ಸಾಲಿಗೆ ಕರೆದುಕೊಂಡು ಹೋಗಿ ಪಕ್ಕದಲ್ಲಿ ಕೂರಿಸಿಕೊಂಡಳು. ಇಬ್ಬರ ಮುಖವೂ ಕ್ಯಾಮೆರಾ ಕಡೆಗೆ.

"ಮೇಡಂ, ಇಲ್ಲಿ ಮುಖ ಪೂರ್ತಿ ಕಾಣುತ್ತೆ!" ಎಂದ ಅಸಿಸ್ಟೆಂಟ್ ಡೈರೆಕ್ಟರ್.

"ಕಾಣ್ಲಿ ಸಾರ್. ಇವರದೂ ಕಾಣ್ಲಿ."

"ಸೈಲೆನ್ಸ್! ಎಲ್ಲರೂ ಮಾತಾಡ್ತಿರಿ, ಸೌಂಡ್ ಬೇಡ... ಆಕ್ಷನ್!"

ಸುತ್ತ ಎಲ್ಲರ ತುಟಿಗಳೂ ಸದ್ದಿಲ್ಲದೆ ಆಡತೊಡಗಿದವು. ಚಂದನ ಅವನತ್ತ ತಿರುಗಿದಳು. ಇಷ್ಟು ದಿನ ಒಳಗೇ ಕುದ್ದದ್ದು ಇನ್ನು ತಡೆಯದಾಯಿತು.

"ಶಶಿ, ನಂಗೆ ನೀವು ಬೇಕು!"

"ಕಟ್! ಕಟ್! ಯಾರಮ್ಮ ಅದು?"

ಸೌಂಡ್ ನೋಡಿಕೊಳ್ಳುವವನು ಹೆಡ್‌ಫೋನ್ ಕಿತ್ತು ಇಟ್ಟ. ಮೆಟ್ಟಿಲ ಮೇಲಿದ್ದವರೆಲ್ಲ ಹೋ ಎಂದು ಕೂಗಿದರು, ಪ್ರಿಯಾಂಕ ಎಲ್ಲರಿಗಿಂತ ಜೋರಾಗಿ. ಶಶಿಧರನ ಕಣ್ಣು ತುಂಬಿಕೊಂಡಿತ್ತು.

"ಟೇಕ್ ಹಾಳು ಮಾಡಿದ್ರಲ್ರೀ..." ಅಂದ ಮೆಲ್ಲಗೆ.

"ಆಗ್ಲಿ. ಉತ್ತರ ಹೇಳಿ."

"ನಂಗೆ ಮೊದಲ್ನೇ ದಿನದಿಂದ್ಲೂ ಬೇಕಿತ್ತು ಕಣ್ರೀ. ಮನೇಲಿ ಏನಂದ್ರು?"

"ಸಂಜೆ ಬಾ, ಮಾತಾಡಾನ ಅಂದ್ರು. ಭಯ ಆಯ್ತೈತೆ ಶಶಿ."

"ನಾನೂ ಬತ್ತೀನಿ ಕಿರುಗಾವಲಿಗೆ."

ಚಂದನ ಕಣ್ಣೊರೆಸಿಕೊಂಡು ಅವನನ್ನೇ ನೋಡಿದಳು.

"ಅಲ್ಲೂ ನಂಗೆ ಅಡ್ಡ ಕೂರ್ತೀರಾ?"

"ಇಲ್ಲ," ಅಂದ ಶಶಿಧರ. "ಪಕ್ಕದಲ್ಲಿ ಕೂರ್ತೀನಿ. ಮಾತು ನೀವೇ ಆಡಿ."