ತಮ್ಮನ ಪಾಲಿನ ದೇವಿ

ಕಡಲಾಣೆ, ಇದು ನಡೆದದ್ದೇ! ನಾನು ಆಗ ಹೇಳಿದ, ಬೈತಖೋಲದಲ್ಲಿ ದೋಣಿ ನುಂಗಿದ ಮೀನಿನ ಕಥೆಯನ್ನು ನಂಬದಿದ್ದರೆ ಬಿಡಿ, ಅದರ ಉಪ್ಪುಖಾರವೆಲ್ಲ ನನ್ನದೇ. ಇದರಲ್ಲಿ ಮಾತ್ರ ಒಂದು ಹರಳು ಉಪ್ಪೂ ನನ್ನದಲ್ಲ.

ಭಾವಿಕೇರಿಯ ತವರಿನಲ್ಲಿ ಒಂದು ತಿಂಗಳು ಕಾಯಿಲೆಯ ತಾಯಿಯನ್ನು ನೋಡಿಕೊಂಡಿದ್ದ ಸೋಮಿ, ಐದು ವರ್ಷದ ಮಗ ಕುಪ್ಪನಿಗೆ ಸಿಡುಬು ಎದ್ದಿದೆಯೆಂದು ಕೇಳಿ ಬೆಳಂಬಾರದ ಗಂಡನ ಮನೆಗೆ ಓಡಿ ಬಂದಳು. ಮಗನ ಮೈಮೇಲೆ ಬೆರಳಿಡಲು ಜಾಗವಿರಲಿಲ್ಲ! ಅವನ ತಲೆದೆಸೆಯಲ್ಲಿ ಕುಳಿತು ಬೇವಿನ ಸೊಪ್ಪು ಬೀಸುತ್ತಿದ್ದ ಆರು ವರ್ಷದ ಮಗಳು ಕಾಮಿಯ ಕಡೆ ತಿರುಗಿದಳು. ಸಿಡುಬು ಬಾರದಿರಲೆಂದು ದೇವಿ ಹಾಕಿದ ಹೊಸ ಕಲೆ ಅವಳ ಎಡದೋಳಿನಲ್ಲಿತ್ತು... ಬಲದೋಳಿನಲ್ಲೂ ಇತ್ತು! ಕುಪ್ಪನ ತೋಳುಗಳಲ್ಲಿ ಅಂಥದ್ದೊಂದೂ ಇರಲಿಲ್ಲ.

“ಮಗಾ, ಎರಡೂ ಕೈಗೆ ಎಂತಕ್ಕೆ ಹಾಕ್ದ್ರೇ ನಿಂಗೆ?”

ಕಾಮಿ ತನ್ನ ಅಜ್ಜಿ ನಾಗಿಯ ಮುಖ ನೋಡಿ ತಲೆ ತಗ್ಗಿಸಿದಳು. “ಒಂದು ನಂದು ಅವ್ವೀ... ಒಂದು ತಮ್ಮಂದು.”

ದೇವಿ ಹಾಕುವ ಮಂಗೇಶ ರಾಯರು ಊರಿಗೆ ಬಂದ ದಿನ, ನಾಗಿ ಮೊಮ್ಮಗನನ್ನು ಹುಲ್ಲಿನ ಮೆದೆಯೊಳಗೆ ಅಡಗಿಸಿಟ್ಟಿದ್ದಳು. ಒಮ್ಮೆ ಚುಚ್ಚಿಸಿಕೊಂಡು ಅಳುತ್ತಿದ್ದ ಮೊಮ್ಮಗಳಿಗೆ ತಮ್ಮನ ಲಂಗೋಟಿ ಕಟ್ಟಿ, ತಲೆಗೆ ಪಂಜಿಯ ಬಟ್ಟೆ ಸುತ್ತಿ, ಗದ್ದಲದ ನಡುವೆ ಮತ್ತೆ ಸಾಲಿನಲ್ಲಿ ನಿಲ್ಲಿಸಿ ಬಲಗೈ ಕೊಡಿಸಿದ್ದಳು!

“ಅತ್ತೇ! ಇಬ್ರಿಗೂ ಹಾಕ್ಸು ಅಂತ ಕಾಲು ಹಿಡ್ಕಂಡ್ ಹೇಳಿ ಹೋಗಿದ್ದೆ ಅಲ್ದಾ?”

“ಚುಚ್ಚಿದ್ರೆ ಜ್ವರ ಬತ್ತದೆ, ಕೈ ಕೊಳೀತದೆ ಅಂದ್ರು... ಇರೂದು ಒಂದೇ ಗಂಡು ಅಲ್ವೇ, ಸೋಮೀ!”

“ಹೆಣ್ಣಿನ ಕೈ ಕೊಳೆತಿದ್ರೆ?”

ನಾಗಿ ಕುಪ್ಪನ ಹೊದಿಕೆ ಸರಿಪಡಿಸಲು ಕೈ ಚಾಚಿದಳು.

“ಹೊರಗೆ ನಡಿ! ಇನ್ನು ಅವನ್ನ ಮುಟ್ಟೂಕಿಲ್ಲ ನೀನು!”

ಸೋಮಿ ಬಾಗಿಲು ಹಾಕಿಕೊಂಡಳು. ಗಂಡ ಹುಲಿಯಾ ತಾಯಿಗೂ ಹೆಂಡತಿಗೂ ನಡುವೆ ಅಂಗಳದಲ್ಲಿ ಗೂಟದಂತೆ ನಿಂತ. ಎರಡು ದಿನ ಮುದುಕಿ ಜಗಲಿ ಬಿಟ್ಟು ಏಳಲಿಲ್ಲ, ಒಂದು ಗುಟುಕು ಗಂಜಿ ಕುಡಿಯಲಿಲ್ಲ. ಒಳಗೆ ಮಗು ನರಳಿದಾಗಲೆಲ್ಲ ಹೊರಗೆ ಅವಳೂ ನರಳಿದಳು.

ಮೂರನೆಯ ದಿನ ಬೆಳಿಗ್ಗೆ ಕುಪ್ಪನ ಕಣ್ಣುಗಳು ಪೂರ್ತಿ ಮುಚ್ಚಿಹೋಗಿದ್ದವು. ಕತ್ತಲೆಯಲ್ಲಿ ಅವನು ಎಲ್ಲಿದ್ದೇನೆಂದುಕೊಂಡನೋ...

“ಅಜ್ಜೀ... ರಾಯ್ರು ಹೋದ್ರಾ? ಹುಲ್ಲಿಂದ ಹೊರಗೆ ಬರ್ಲಾ?”

ಸೋಮಿ ಸೆರಗು ಕಚ್ಚಿದಳು. ತನ್ನನ್ನು ಕರೆಯಲಿಲ್ಲ... ತನ್ನ ಮಗು ಕರೆದದ್ದು ಅವಳನ್ನು! ಆಮೇಲೆ ಎದ್ದು ಬಾಗಿಲು ತೆಗೆದಳು.

“ಒಳಗೆ ಬಾ ಅತ್ತೇ. ನಿನ್ನೇ ಕೇಳ್ತಾ ಇವ. ನೀನೇ ಹೇಳು.”

ನಾಗಿ ತೆವಳುತ್ತಲೇ ಬಂದು ಮೊಮ್ಮಗನನ್ನು ತೊಡೆಗೆ ಎಳೆದುಕೊಂಡಳು.

“ಹೋದ್ರು ಮಗಾ... ಬಾ ಹೊರಗೆ. ಇನ್ನು ಯಾರೂ ಚುಚ್ಚೂದಿಲ್ಲ ನಿಂಗೆ...”

ಕುಪ್ಪ ನಕ್ಕಂತಾಯಿತು. ಅಷ್ಟೇ, ಉಸಿರು ನಿಂತಿತು! ಸೋಮಿ ಅತ್ತೆಯ ತೊಡೆಯಿಂದ ಮಗನನ್ನು ಕಸಿದುಕೊಳ್ಳಲಿಲ್ಲ, ಬೈಯಲೂ ಇಲ್ಲ. ಪಕ್ಕದಲ್ಲಿ ಕುಳಿತು, ಅಜ್ಜಿಯ ಕೈಯ ಮೇಲೆ ತನ್ನ ಕೈ ಇಟ್ಟು ಅತ್ತಳು.

ಮರುವರ್ಷದಿಂದ ಮಂಗೇಶ ರಾಯರ ಮುಂದೆ ಮುಂದೆ ನಡೆಯುತ್ತಿದ್ದವಳು ನಾಗಿಯೇ. ಅಟ್ಟ ಹತ್ತಿ, ಕಣಜದ ಹಿಂದೆ ಇಣುಕಿ, ಬಚ್ಚಿಟ್ಟ ಮಕ್ಕಳನ್ನು ಹುಡುಕುತ್ತಿದ್ದಳು. ಬೈದವರಿಗೆ ಅವಳು ಹೇಳುತ್ತಿದ್ದದ್ದು ಒಂದೇ: “ನಾ ಒಬ್ನ ಅಡಗ್ಸಿದ್ದೆ.”

ಏಳಬೇಡಿ, ಸ್ವಲ್ಪ ಇರಿ. ನಾನು ಬಂದಾಗ ನಿಮ್ಮ ಅಂಗಳದಲ್ಲಿ ನಾಲ್ಕು ಮಕ್ಕಳಿದ್ದವು, ಈಗ ಮೂರೇ ಕಾಣುತ್ತಿವೆ. ಆ ನಾಲ್ಕನೆಯದನ್ನು ಈಚೆ ಕರೆಯಿರಿ. ಅದರ ತೋಳು ನೋಡದೆ ನಿಮ್ಮ ಎಲೆಯಡಿಕೆ ಮುಟ್ಟುವವನಲ್ಲ ನಾನು!