ಹುಲುಗೇಶನ ಲಾರಿಯ ಬ್ರೇಕು

ಹದಿನೇಳು ವರ್ಷ ಸೈನ್ಯದಲ್ಲಿ ಗಾಡಿ ಓಡಿಸಿ, ಗಾಡಿ ರಿಪೇರಿ ಮಾಡಿ, ಹಿಮದ ಚಳಿಗೆ ಎಡಗಾಲಿನ ಎರಡು ಬೆರಳು ಕೊಟ್ಟು ಬಂದ ಪಕ್ಕೀರಪ್ಪನನ್ನು ಕೊಟ್ಟೂರಿನ ಜನ ‘ಗ್ಯಾರೇಜ್ ಪಕ್ಕೀರಪ್ಪ’ ಎಂದು ಕರೆಯುತ್ತಿದ್ದರು. ಸೈನ್ಯ ಬೇಡವೆಂದು ಹರಾಜು ಹಾಕಿದ ಒಂದು ಹಳೇ ಲಾರಿಯನ್ನು ಪುಣೆಯಿಂದ ಕೊಂಡು ತಂದ ಹುಲುಗೇಶ ಮಾತ್ರ ಮೂರೇ ತಿಂಗಳಲ್ಲಿ ‘ಮಿಲಿಟರಿ ಹುಲುಗೇಶ’ನಾಗಿಬಿಟ್ಟಿದ್ದ. ಈ ಮಿಲಿಟರಿ ಮನುಷ್ಯ ಎನ್‌ಸಿಸಿ ಪರೇಡನ್ನೂ ಕಂಡವನಲ್ಲ. ಕಾಣುವಷ್ಟು ದಿನ ಅವನು ಹೈಸ್ಕೂಲಿನಲ್ಲಿ ನಿಂತಿರಲಿಲ್ಲ.

ಅದು ತೊಂಬತ್ತೊಂಬತ್ತನೇ ಇಸವಿಯ ಮಳೆಗಾಲ. ಕಾರ್ಗಿಲ್ ಯುದ್ಧ ನಡೆದು, ಚಹಾದಂಗಡಿಯಲ್ಲಿ ಕೂತವರೆಲ್ಲ ಸೇನಾಪತಿಗಳಾಗಿದ್ದ ಕಾಲ. ಯೋಧರ ನಿಧಿಗೆಂದು ಮೆರವಣಿಗೆ ಹೊರಟಾಗ ಹುಲುಗೇಶನ ಲಾರಿಯೇ ಮುಂದಿತ್ತು. ಲಾರಿಗೊಂದು ಹಾರ, ಹುಲುಗೇಶನಿಗೊಂದು ಹಾರ. ಪೆಟ್ಟಿಗೆಯ ತಳದಿಂದ ಪದಕಗಳನ್ನು ತೆಗೆದು ಎದೆಗೆ ಚುಚ್ಚಿಕೊಂಡು ಬಂದಿದ್ದ ಪಕ್ಕೀರಪ್ಪನನ್ನು ಶಾಲೆಯ ಹೆಡ್‌ಮಾಸ್ಟರು ತೋಳು ಹಿಡಿದು ಬದಿಗೆ ಸರಿಸಿದರು.

“ಸ್ವಲ್ಪ ಆ ಕಡಿ ನಿಂದರ್ರಿ ಪಕ್ಕೀರಪ್ಪ, ಮಿಲಿಟರಿ ಗಾಡಿ ಬರಾಕತ್ತೈತಿ.”

ಪಕ್ಕೀರಪ್ಪ ಸರಿದು ನಿಂತ. ಶಿಸ್ತಿನ ಮನುಷ್ಯ.

ಆ ಸಂಜೆ ಹೆಂಡತಿ ಹೊನ್ನೂರಮ್ಮ ರೊಟ್ಟಿ ಹಾಕುತ್ತ, “ಹದಿನೈದನೇ ತಾರೀಕು ಸಾಲ್ಯಾಗ ಝಂಡಾ ಹಾರಸಾಕ ಹುಲುಗೇಶಗ ಕರದಾರಂತ,” ಎಂದಳು. ಗಂಡ ತಟ್ಟೆ ಸರಿಸಿದ್ದನ್ನು ನೋಡಿ, ಸಮಾಧಾನಕ್ಕೆಂದು ಸೇರಿಸಿದಳು: “ನೀವೂ ಹೋಗ್ರಿ, ಬೂಂದಿ ಕೊಡ್ತಾರ.”

ಹುಲುಗೇಶನ ಸಾವು ನಿಶ್ಚಯವಾದದ್ದು ಆ ಬೂಂದಿಯ ಮಾತಿಗೆ.

ಅವಕಾಶವೂ ತಾನಾಗಿಯೇ ಹಾರ್ನ್ ಹೊಡೆದುಕೊಂಡು ಗ್ಯಾರೇಜಿಗೆ ಬಂತು. ಹುಲುಗೇಶ ಲಾರಿಯಿಂದ ಇಳಿದು, “ಅಣ್ಣಾ, ಕೂಡ್ಲಿಗಿ ಕಡಿ ಗುಡ್ಡದಾಗ ಕಲ್ಲು ಕ್ವಾರಿ ಐತಲ್ಲ, ಅಲ್ಲಿ ಲೋಡ್ ಸಿಕ್ಕೈತಿ. ಆದ್ರ ಅಲ್ಲಿ ಮೇಸ್ತ್ರಿ ಅಜ್ಜಯ್ಯ ‘ಬ್ರೇಕ್ ಮಾಡಿಸಿಕೊಂಡು ಬಾ, ಆಮ್ಯಾಲೆ ಲೋಡ್ ಹಾಕ್ತೀನಿ’ ಅಂತಾನ. ಈ ಗಾಡಿ ಹೊಟ್ಟಿ ನಿಮ್ಮನ್ನ ಬಿಟ್ರ ಯಾರಿಗೂ ತಿಳಿಯಂಗಿಲ್ಲ,” ಎಂದ.

“ಬಿಟ್ಟು ಹೋಗು,” ಎಂದ ಪಕ್ಕೀರಪ್ಪ. “ನನ್ನ ಸ್ವಂತದ್ದು ಅಂತ ತಿಳಕೊಂಡು ಮಾಡ್ತೀನಿ.”

ಕ್ವಾರಿಯ ರಸ್ತೆ ಅವನಿಗೆ ಗೊತ್ತಿತ್ತು. ಕಡಿದಾದ ಇಳಿಜಾರು, ಮೂರು ತಿರುವು. ಮೂರನೇ ತಿರುವಿನ ಅಂಚಿಗೆ ಕಲ್ಲು ತೆಗೆದು ಬಿಟ್ಟ ಹಳೇ ಗುಂಡಿ, ಅದರ ತುಂಬ ಹಸಿರು ನೀರು. ಬ್ರೇಕಿನ ಪೈಪು ಕತ್ತರಿಸುವುದೆಲ್ಲ ಸಿನಿಮಾದ ಖಳರ ಕೆಲಸ. ಕತ್ತರಿಸಿದ ಗುರುತು ಕುರುಡನಿಗೂ ಕಾಣುತ್ತದೆ. ಪಕ್ಕೀರಪ್ಪ ಹೊಸ ಪೈಪು ಹಾಕಿದ, ಹೊಸ ಲೈನರ್ ಬಡಿದ, ಒಂದೊಂದು ನಟ್ಟನ್ನೂ ಒರೆಸಿ ಬಿಗಿ ಮಾಡಿದ. ಅಷ್ಟು ಅಚ್ಚುಕಟ್ಟಾದ ಕೆಲಸವನ್ನು ಅವನು ಸೈನ್ಯದಲ್ಲೂ ಮಾಡಿರಲಿಲ್ಲ. ಕೊನೆಗೆ, ಪೆಡಲಿನ ಒತ್ತಡವನ್ನೆಲ್ಲ ಹೊರುವ ಸಿಲಿಂಡರಿನೊಳಗೆ ಮಾತ್ರ ಲಾರಿಯದೇ ಹಳೇ ರಬ್ಬರ್ ವಾಷರನ್ನು, ಅಂಚು ಬಿರುಕು ಬಿಟ್ಟದ್ದನ್ನು, ಮತ್ತೆ ಕೂರಿಸಿದ. ಸಮತಟ್ಟು ರಸ್ತೆಯಲ್ಲಿ ಅದು ಹಿಡಿಯುತ್ತದೆ. ಭಾರ ಹೊತ್ತು ಇಳಿಯುವಾಗ ಜೋರಾಗಿ ತುಳಿದರೆ, ಹೆಚ್ಚೆಂದರೆ ಹತ್ತು ಸಲ. ಆಮೇಲೆ ಯಾರು ಬಿಚ್ಚಿ ನೋಡಿದರೂ ಸಿಗುವುದು ಹಳೇ ಲಾರಿಯೊಳಗಿನ ಹಳೇ ರಬ್ಬರು. ತಪ್ಪು ಯಾರದೆಂದರೆ, ಕಾಲದ್ದು.

ಕನ್ನಡಿಯ ಮುಂದೆ ನಿಂತು ದುಃಖದ ಮುಖವನ್ನೂ ಅವನು ಅಭ್ಯಾಸ ಮಾಡಿದ. ಮೀಸೆ ಅಡ್ಡ ಬರುತ್ತಿದ್ದುದರಿಂದ ತುಸು ಕತ್ತರಿಸಿಕೊಂಡ.

ಆದರೆ ಮೊದಲ ದಿನ ಸಂಜೆ ಹುಲುಗೇಶ ಹಾರ್ನ್ ಹೊಡೆಯುತ್ತ ಗ್ಯಾರೇಜಿನ ಮುಂದೆ ಹಾದುಹೋದ. ಎರಡನೇ ದಿನವೂ ಹೋದ. ದಿನಕ್ಕೆ ನಾಲ್ಕು ಲೋಡು, ಆರು ದಿನ. ಸಾಯಬೇಕಾದವನು ಮೈಕೈ ತುಂಬಿಕೊಳ್ಳುತ್ತಿದ್ದ, ಕೊಲೆಗಾರ ಸೊರಗುತ್ತಿದ್ದ.

“ಯಾಕ್ರೀ, ಅವನ ಹಾರ್ನ್ ಕೇಳಿದ್ರ ಹಿಂಗ ಬೆಚ್ಚಿ ಬೀಳ್ತೀರಿ?” ಎಂದು ಹೊನ್ನೂರಮ್ಮ ಕೇಳಿದಳು. ಪಕ್ಕೀರಪ್ಪ ಬಿದ್ದ ನಟ್ಟು ಹುಡುಕುವವನಂತೆ ಬಗ್ಗಿದ. ನಿಜಕ್ಕೂ ಅವನನ್ನು ಕೊರೆಯುತ್ತಿದ್ದದ್ದು ದ್ವೇಷಕ್ಕಿಂತ ಹೆಚ್ಚಾಗಿ ಕಸುಬಿನ ಅವಮಾನ.

ಆಗಸ್ಟ್ ಹದಿನಾಲ್ಕರ ಬೆಳಿಗ್ಗೆ ಲಾರಿ ಗ್ಯಾರೇಜಿನ ಮುಂದೆಯೇ ನಿಂತಿತು. ಹುಲುಗೇಶ ಕೈ ಮುಗಿದ.

“ಅಣ್ಣಾ, ಹೆಡ್‌ಮಾಸ್ಟರಿಗೆ ಹೇಳಿ ಬಂದೀನಿ. ಖರೇ ಮಿಲಿಟರಿ ಮನಷ್ಯಾ ಊರಾಗ ಇರಬೇಕಾದ್ರ ನನಗ್ಯಾಕ ಝಂಡಾ? ಲಾರಿ ತಗೊಂಡ ಕೂಡ್ಲೇ ನಾ ಸಿಪಾಯಿ ಆಗ್ತೀನೇನ್ರಿ? ನಾಳಿ ನೀವೇ ಹಾರಸಬೇಕು. ಈಗ ಬರ್ರಿ, ಝಂಡಾ ಕಂಬದ ಕಟ್ಟಿ ಕಟ್ಟಾಕ ಕಲ್ಲು ಬೇಕಾಗ್ಯಾವ, ನೀವೇ ಆರಿಸಿ ಕೊಡ್ರಿ.”

ಪಕ್ಕೀರಪ್ಪ ಕೈಯ ಗ್ರೀಸನ್ನು ಬಟ್ಟೆಗೆ ಒರೆಸಿಕೊಂಡ. ಈ ಮಾತನ್ನು ಹದಿನೈದು ದಿನ ಮುಂಚೆ ಆಡಿದ್ದರೆ ಏನು ಹೋಗುತ್ತಿತ್ತು ಇವನ ಗಂಟು?

“ಬ್ರೇಕ್ ಹೆಂಗೈತಿ?” ಎಂದು ಕೇಳಿದ.

“ಒಂದು ತಕರಾರಿಲ್ರಿ ಅಣ್ಣಾ.”

ಪಕ್ಕೀರಪ್ಪ ಬಗ್ಗಿ ನೋಡಿದ. ಬ್ರೇಕ್ ಆಯಿಲ್ ತಾನು ತುಂಬಿದಷ್ಟೇ ಇತ್ತು, ಒಂದು ಹನಿ ಸೋರಿರಲಿಲ್ಲ. ಪೆಡಲ್ ತುಳಿದ, ಕಲ್ಲಿನಂತೆ ಗಟ್ಟಿ. ಅವನು ಮನಸ್ಸಿನಲ್ಲೇ ಲೆಕ್ಕ ಹಾಕಿದ: ಇಪ್ಪತ್ತನಾಲ್ಕು ಲೋಡು, ಲೋಡಿಗೆ ಮೂರು ತಿರುವು, ತಿರುವಿಗೆ ಎರಡು ಸಲ ತುಳಿದರೂ ನೂರಾ ನಲವತ್ತನಾಲ್ಕು. ಹತ್ತಕ್ಕೆ ಹರಿಯಬೇಕಾದದ್ದು ನೂರಾ ನಲವತ್ತನಾಲ್ಕು ಸಲ ತಡೆದಿದೆ! ಸೈನ್ಯದ ರಬ್ಬರಿನ ಮೇಲೆ ಅವನಿಗೆ ಅಭಿಮಾನ ಉಕ್ಕಿತು. ಅದರ ಹಿಂದೆಯೇ ದೊಡ್ಡ ನೆಮ್ಮದಿ. ಯಾರೂ ಸತ್ತಿಲ್ಲ, ಅಂದಮೇಲೆ ತಾನು ಕೊಲ್ಲಲು ಹೊರಟದ್ದೂ ಇಲ್ಲ. ನಾಳೆ ಝಂಡಾ ಮುಗಿದ ಮೇಲೆ ಹೊಸ ವಾಷರ್ ಹಾಕಿಕೊಟ್ಟರಾಯಿತು, ಪುಕ್ಕಟೆ. ತನ್ನ ಔದಾರ್ಯಕ್ಕೆ ತಾನೇ ಕರಗಿ ಅವನು ಲಾರಿ ಹತ್ತಿದ.

ಕ್ವಾರಿಯಲ್ಲಿ ಲಾರಿಯ ತುಂಬ ಸೈಜುಗಲ್ಲು ಹೇರಿದರು. ಹುಲುಗೇಶ ಚಾವಿಯನ್ನು ಅವನ ಕೈಗಿಟ್ಟ. “ನೀವೇ ಇಳಸ್ರಿ ಅಣ್ಣಾ. ಮಿಲಿಟರಿಯವ್ರು ಹೆಂಗ ಓಡಸ್ತಾರ, ಕಣ್ತುಂಬ ನೋಡ್ತೀನಿ.”

ಅಜ್ಜಯ್ಯ ಸಲ್ಯೂಟ್ ಹೊಡೆದ. ಕಲ್ಲು ಒಡೆಯುವವರು ಸುತ್ತಿಗೆ ಕೆಳಗಿಟ್ಟು ನೋಡಿದರು. ಇಷ್ಟು ಜನ ನೋಡುವಾಗ ಎತ್ತಿನ ಗಾಡಿಯಂತೆ ಇಳಿಯುವುದುಂಟೇ? ಪಕ್ಕೀರಪ್ಪ ಬೆನ್ನು ನೆಟ್ಟಗೆ ಮಾಡಿ, ಟಾಪ್ ಗೇರಿಗೆ ಹಾಕಿ, ಬ್ರೇಕಿನ ಮೇಲೆಯೇ ಗಾಡಿ ಇಳಿಸಿದ. ಮೊದಲ ತಿರುವಿನಲ್ಲಿ ನಾಲ್ಕು ಸಲ ತುಳಿದ, ಹಿಡಿಯಿತು. ಎರಡನೆಯದರಲ್ಲೂ ಹಿಡಿಯಿತು, ಆದರೆ ಪೆಡಲ್ ಕೊಂಚ ಮೆತ್ತಗಾದಂತಿತ್ತು. ಕೆಳಗೆ ಗುಂಡಿಯ ಹಸಿರು ನೀರು ಕಾಣಿಸಿದಾಗ ಅವನ ಕಾಲು ಪೆಡಲಿನ ಸಮೇತ ನೆಲ ಮುಟ್ಟಿತು. ಮತ್ತೆ ತುಳಿದ, ಏನೂ ಇಲ್ಲ. ಗೇರ್ ಇಳಿಸಲು ಜಗ್ಗಿದ; ಆ ವೇಗಕ್ಕೆ ಅದು ಕೂರಲಿಲ್ಲ, ಕರಕರ ಎಂದು ಕೂಗಿಕೊಂಡಿತು.

“ಆರು ದಿನ ನಿನಗ ಈ ಬ್ರೇಕ್ ಹೆಂಗ ಹಿಡೀತಲೇ?” ಎಂದು ಪಕ್ಕೀರಪ್ಪ ಚೀರಿದ. ಹುಲುಗೇಶ ಆಗಲೇ ತನ್ನ ಕಡೆಯ ಬಾಗಿಲು ತೆರೆದು ಮೆಟ್ಟಿಲ ಮೇಲೆ ನಿಂತಿದ್ದ. “ಬ್ರೇಕ್ ನಾ ಎಲ್ಲಿ ತುಳಿದೀನಿ ಅಣ್ಣಾ? ಪುಣೆಯಿಂದ ಇಲ್ಲೀತನ ಬ್ರೇಕ್ ಇಲ್ದನ ಗೇರಿನ ಮ್ಯಾಲೆ ತಂದೀನಿ. ಕಾಲಿಗೆ ಅದ ರೂಢಿ ಆಗೇತಿ. ನೀವು ರಿಪೇರಿ ಮಾಡಿದ ಮ್ಯಾಲೆ ಒಂದು ಸಲಾನೂ ತುಳಿದಿಲ್ರಿ! ಜಿಗೀರಿ!” ಎಂದು ಕೂಗಿ, ತಾನು ಜಿಗಿದ. ಎದುರಿಗೆ ರಸ್ತೆ ಮುಗಿದಿತ್ತು. ಪಕ್ಕೀರಪ್ಪನ ಕಾಲು ಇನ್ನೂ ಪೆಡಲನ್ನೇ ತುಳಿಯುತ್ತಿತ್ತು.