ಕ್ಯಾಲೆಂಡರಿನಲ್ಲಿ ಆಫ್ರಿಕಾ

"ಸಿಂಹ ನೋಡ್ಲಿಕ್ಕೆ ಹನ್ನೆರಡು ಮಂದೀನೂ ರೆಡಿ ಅದಾರ್ರೀ ಭಟ್ರ. ಆದ್ರ ಸಾರು ಇಲ್ದ ಇರ್ಲಿಕ್ಕೆ ಒಬ್ರೂ ರೆಡಿ ಇಲ್ಲ!"

ಹೀಗೆಂದು ಶಂಭುಲಿಂಗ ಅವರು ಭಟ್ಟರ ಮನೆಯ ಖುರ್ಚಿಯಲ್ಲಿ ಆರಾಮಾಗಿ ಒರಗಿದರು. ಶಿರಸಿಯ ಬಸ್ ಸ್ಟ್ಯಾಂಡಿನ ಹತ್ತಿರ ಅವರದೊಂದು ಟೂರ್ ಆಫೀಸು. ಕಾಶಿ, ಬದರಿ, ರಾಮೇಶ್ವರ ಎಲ್ಲ ಮುಗಿಸಿ, ಈ ವರ್ಷ ಅವರ ಕಣ್ಣು ಆಫ್ರಿಕಾದ ಕೀನ್ಯಾ ದೇಶದ ಮೇಲೆ ಬಿದ್ದಿತ್ತು. ಹೊರಡುವವರೆಲ್ಲ ರಿಟೈರ್ ಆದ ಅಜ್ಜ ಅಜ್ಜಿಯರು. ಕಾಡಿನಲ್ಲಿ ಟೆಂಟಿನಲ್ಲಿ ಮಲಗಲು ಹೆದರದ ಈ ಧೀರರು ಬ್ರೆಡ್ಡು ತಿನ್ನಬೇಕು ಎಂದರೆ ಮಾತ್ರ ಗಡಗಡ ನಡುಗುತ್ತಿದ್ದರು. ಅದಕ್ಕೇ ಜೊತೆಗೊಬ್ಬ ಅಡುಗೆ ಭಟ್ಟರು ಬೇಕೇ ಬೇಕಿತ್ತು.

ಆ ಭಟ್ಟರೇ ಅಭಿಜ್ಞಾಳ ಅಪ್ಪ, ಇಸಳೂರಿನ ರಘುಪತಿ ಭಟ್ಟರು. ಮದುವೆಗೆ ಸಾವಿರ ಜನ ಬಂದರೂ ಅವರ ಸಾರಿನಲ್ಲಿ ಉಪ್ಪು ಹೆಚ್ಚುಕಮ್ಮಿ ಆಗುತ್ತಿರಲಿಲ್ಲ.

"ಎರಡು ಡೇಟ್ ಬಂದಾವ," ಶಂಭುಲಿಂಗ ಅವರು ಬೆರಳು ಮಡಚಿದರು. "ಜುಲೈ ಇಪ್ಪತ್ತಾರಕ್ಕ ಹೊಂಟ್ರ ಆಗಸ್ಟ್ ಎಂಟಕ್ಕ ವಾಪಸ್. ಅದು ಫುಲ್ ಸೀಸನ್ನು. ಜಗತ್ತಿನ ಮಂದಿ ಎಲ್ಲಾ ಅಲ್ಲೇ. ಒಂದು ಸಿಂಹದ ಸುತ್ತ ಇಪ್ಪತ್ತು ಜೀಪು! ಇಲ್ಲಾಂದ್ರ ದೀಪಾವಳಿ ಮುಗಿದ ಮ್ಯಾಲೆ, ನವೆಂಬರ್ ಹನ್ನೆರಡಕ್ಕ. ಅವಾಗ ಗದ್ದಲ ಇಲ್ಲ. ಆಗೊಮ್ಮೆ ಈಗೊಮ್ಮೆ ಮಳಿ, ಹಸರು ಹುಲ್ಲು. ಆನಿ, ಸಿಂಹ, ಜಿರಾಫೆ ಅವಾಗೂ ಇರ್ತಾವ. ಎಲ್ಲಿಗ್ಹೋಗ್ತಾವ, ಪಾಪ."

"ಆ ಹಿಂಡು ಇರ್ತದಾ ಅಂಕಲ್?"

ಬಾಗಿಲ ಹಿಂದೆ ನಿಂತು ಕೇಳುತ್ತಿದ್ದ ಅಭಿಜ್ಞಾ ತಡೆಯಲಾರದೆ ಹೊರಗೆ ಬಂದಿದ್ದಳು.

"ಯಾವ ಹಿಂಡವ್ವಾ?"

"ವೈಲ್ಡ್‌ಬೀಸ್ಟ್ ಅಂಕಲ್! ಲಕ್ಷಗಟ್ಟಲೆ ಇರ್ತಾವಲ್ಲ, ಒಟ್ಟಿಗೇ ನದಿ ದಾಟ್ತಾವಲ್ಲ!"

"ಹಾಂ, ಅದಾ? ಅದು ಜುಲೈ-ಆಗಸ್ಟಿನ ಟ್ರಿಪ್ಪಿಗೆ ಸಿಗ್ತದ. ನವೆಂಬರಿನಾಗ ಹಿಂಡು ಬ್ಯಾರೆ ಕಡೆ ಹೋಗಿರ್ತದ."

"ಹಾಗಾದ್ರೆ ಜುಲೈ!" ಅಭಿಜ್ಞಾ ಕುಣಿದೇಬಿಟ್ಟಳು. "ಅಪ್ಪಾ, ಜುಲೈ! ಜುಲೈ ಹೇಳು!"

ಸೌಟುಗಳನ್ನು ಚೀಲಕ್ಕೆ ತುಂಬುತ್ತಿದ್ದ ಅಪ್ಪನ ಕೈ ಒಂದು ಗಳಿಗೆ ನಿಂತಿತು. ಅವನು ಗೋಡೆಯ ಕ್ಯಾಲೆಂಡರಿನ ಕಡೆ ನೋಡಿದ. ಆಮೇಲೆ ಮಗಳ ಕಡೆ ನೋಡಿ ನಕ್ಕ.

"ನಂಗೆ ಪ್ರಾಣಿ ವಿಷಯ ಎಂತ ಗೊತ್ತು ಮಾರಾಯ್ರೇ? ಅದು ನಮ್ಮ ಕೂಸಿನ ಡಿಪಾರ್ಟ್‌ಮೆಂಟು. ಅದು ಜುಲೈ ಹೇಳಿದ್ರೆ ಜುಲೈ."

"ಯಾವುದಕ್ಕೂ ಸೋಮವಾರ ಆಫೀಸಿಗೆ ಬಂದು ಫೈನಲ್ ಹೇಳ್ರಿ. ಆಮೇಲೆ ಟಿಕೆಟ್ ಮಾಡಸ್ತೀನಿ," ಎಂದು ಶಂಭುಲಿಂಗ ಅವರು ಎದ್ದರು.

ಶಿರಸಿಯ ಹನ್ನೆರಡು ಮಂದಿ ದೊಡ್ಡವರು ಯಾವಾಗ ಸಿಂಹ ನೋಡಬೇಕು ಎಂದು ಐದನೇ ಕ್ಲಾಸಿನ ಹುಡುಗಿಯೊಬ್ಬಳು ನಿರ್ಧರಿಸಿದ್ದು ಹೀಗೆ.

ಅಭಿಜ್ಞಾಳಿಗೆ ಆಫ್ರಿಕಾದ ಹುಚ್ಚು ಹಿಡಿದದ್ದು ಶಾಲೆಯಲ್ಲಿ. ಒಂದು ದಿನ ಟೀಚರ್ ಸ್ಮಾರ್ಟ್ ಬೋರ್ಡಿನಲ್ಲಿ ವೈಲ್ಡ್‌ಬೀಸ್ಟ್‌ಗಳ ವಿಡಿಯೊ ಹಾಕಿದ್ದರು. ದನದಂಥ ಮೈ, ಗಡ್ಡದಂಥ ಕೂದಲು. ಸಾವಿರಾರು ಪ್ರಾಣಿಗಳು ಧೂಳೆಬ್ಬಿಸುತ್ತ ಬಂದು ನದಿಗೆ ಧುಮುಕುತ್ತಿದ್ದವು. ಈಚೆ ದಡದಲ್ಲಿ ಒಂದು ಮರಿ ಮಾತ್ರ ನಿಂತುಬಿಟ್ಟಿತ್ತು. ಅದರ ತಾಯಿ ಆಚೆ ದಡ ಸೇರಿ, ತಿರುಗಿ ನಿಂತು ಕರೆಯುತ್ತಿತ್ತು. ಮರಿ ನೀರಿಗೆ ಒಂದು ಕಾಲಿಟ್ಟಿತು, ಹಿಂದೆ ತೆಗೆಯಿತು, ಮತ್ತೆ ಇಟ್ಟಿತು. ಅಷ್ಟರಲ್ಲಿ ಕರೆಂಟು ಹೋಯಿತು!

ಕರೆಂಟು ಬರುವಷ್ಟರಲ್ಲಿ ಗಣಿತದ ಪಿರಿಯಡ್ ಶುರುವಾಗಿತ್ತು. ಮನೆಗೆ ಬಂದು ಅಮ್ಮನ, ಅಂದರೆ ಆಯಿಯ, ಫೋನಿನಲ್ಲಿ ಹುಡುಕಿದಳು. ನದಿ ದಾಟುವ ವಿಡಿಯೊಗಳು ನೂರೆಂಟು ಸಿಕ್ಕವು, ಆ ಮರಿ ಮಾತ್ರ ಸಿಗಲಿಲ್ಲ. ಅಂದಿನಿಂದ ಅವಳಿಗೆ ಒಂದೇ ಆಸೆ. ಆ ನದಿಯನ್ನು ತಾನು ನೋಡಬೇಕು. ತಾನು ಹೋಗಲು ಆಗದಿದ್ದರೆ, ತನ್ನವರು ಯಾರಾದರೂ ಅಲ್ಲಿ ನಿಂತು ನೋಡಿ ಬಂದು ಹೇಳಬೇಕು.

ಈಗ ಅಪ್ಪನೇ ಹೋಗುತ್ತಾನೆ!

"ವಿಡಿಯೊ ಮಾಡ್ಕಂಡು ಬತ್ತೆ ಕೂಸೆ," ಎಂದ ಅಪ್ಪ, ಸೌಟಿನ ಚೀಲ ಹೆಗಲಿಗೇರಿಸುತ್ತ. "ಮರಿ ಸಿಕ್ಕಿದ್ರೆ ಮಾತಾಡ್ಸಿಕೊಂಡೇ ಬತ್ತೆ." ಅವನು ಸ್ಕೂಟರ್ ಹತ್ತಿ ಸಿದ್ದಾಪುರದ ಕಡೆ ಹೊರಟ. ನಿಲ್ಕುಂದದಲ್ಲಿ ಉಪನಯನದ ಅಡುಗೆಯಿತ್ತು. ಇನ್ನು ಅವನು ಬರುವುದು ಭಾನುವಾರವೇ.

ಅಭಿಜ್ಞಾಳ ಮನೆಯಲ್ಲಿ ಅಪ್ಪ ಎಂದರೆ ಹೀಗೇ. ಊರವರ ಮದುವೆ, ಮುಂಜಿ, ಗೃಹಪ್ರವೇಶಕ್ಕೆಲ್ಲ ಅಪ್ಪ ಇರುತ್ತಿದ್ದ, ಮನೆಯಲ್ಲಿ ಇರುತ್ತಿರಲಿಲ್ಲ. ಬಂದರೂ ಹೊಗೆಯ ವಾಸನೆ ಹೊತ್ತು ಬಂದು ಮಲಗಿಬಿಡುತ್ತಿದ್ದ. ಅವಳಿಗೆ ಅಪ್ಪ ಪೂರ್ತಿಯಾಗಿ ಸಿಗುವುದು ಆಷಾಢ ಮಾಸದಲ್ಲಿ ಮಾತ್ರ. ಆಗ ಮದುವೆಗಳಿಲ್ಲ, ಅಪ್ಪನ ಸೌಟಿಗೆ ರಜೆ. ಆ ಒಂದು ತಿಂಗಳು ಅವನೇ ಶಾಲೆಗೆ ಬಿಡುತ್ತಿದ್ದ, ಮಗ್ಗಿ ಕೇಳುತ್ತಿದ್ದ, ಮನೆಯಲ್ಲಿ ಅಡುಗೆಯನ್ನೂ ಮಾಡುತ್ತಿದ್ದ. ಮೂರು ಜನಕ್ಕೆ ಅಡುಗೆ ಮಾಡುವುದು ಅವನಿಗೆ ಬರುತ್ತಲೇ ಇರಲಿಲ್ಲ. ಒಂದು ದಿನ ಸಾಂಬಾರು ಮಾಡಿದರೆ ಅಕ್ಕಪಕ್ಕದ ನಾಲ್ಕು ಮನೆಗೂ ಹಬ್ಬ.

ಪ್ರತಿ ಆಷಾಢಕ್ಕೆ ಅವಳಿಗೆ ಒಂದು ಅಡುಗೆ ಕಲಿಸುವುದೂ ಇತ್ತು. ಹೋದ ವರ್ಷ ಕೆಸುವಿನೆಲೆಯ ಪತ್ರೊಡೆ. ಈ ವರ್ಷ ಎಳೆ ಬಿದಿರಿನ ಕಳಲೆ ಪಲ್ಯ ಎಂದು ಆಗಲೇ ಮಾತಾಗಿತ್ತು. ಕಳಲೆಯನ್ನು ಹೆಚ್ಚಿ, ದಿನವೂ ನೀರು ಬದಲಿಸುತ್ತ ಮೂರು ದಿನ ನೆನೆಸಿದರೇನೇ ಅದರ ಕಹಿ ಹೋಗುವುದು.

ಜುಲೈ ಎಂದು ಕುಣಿಯುವಾಗಲೂ ಅಭಿಜ್ಞಾ ಇದನ್ನು ಮರೆತಿರಲಿಲ್ಲ. ಹೋದ ವರ್ಷ ಆಷಾಢ ಜುಲೈ ಇಪ್ಪತ್ನಾಲ್ಕಕ್ಕೇ ಮುಗಿದಿತ್ತು. ಅಪ್ಪ ಹೊರಡುವುದು ಇಪ್ಪತ್ತಾರಕ್ಕೆ. ಆಷಾಢವೂ ಸಿಕ್ಕಿತು, ಆಫ್ರಿಕಾವೂ ಸಿಕ್ಕಿತು! ತನ್ನ ಲೆಕ್ಕಕ್ಕೆ ತಾನೇ ಶಭಾಶ್ ಕೊಟ್ಟುಕೊಂಡಳು.

ಮರುದಿನ ಪೆನ್ಸಿಲ್ ಹಿಡಿದು ಕ್ಯಾಲೆಂಡರಿನ ಮುಂದೆ ಸ್ಟೂಲ್ ಹತ್ತಿ ನಿಂತಳು. ಅಪ್ಪ ಒಪ್ಪಿಕೊಂಡ ಅಡುಗೆಗಳಿಗೆಲ್ಲ ಆಯಿ ಅದರಲ್ಲಿ ಕೆಂಪು ಸುತ್ತು ಹಾಕುತ್ತಿದ್ದಳು. ಏಪ್ರಿಲ್, ಮೇ ತುಂಬ ಸಿಡುಬು ಎದ್ದಂತೆ ಕೆಂಪೋ ಕೆಂಪು. ಅಭಿಜ್ಞಾ ಹಾಳೆ ಮಗುಚಿ ಜುಲೈಗೆ ಬಂದಳು. ಇಪ್ಪತ್ತಾರರ ಚೌಕದಲ್ಲಿ 'ಆ' ಬರೆದಳು. ಇಪ್ಪತ್ತೇಳರಲ್ಲಿ 'ಫ್ರಿ'. ಇಪ್ಪತ್ತೆಂಟರಲ್ಲಿ 'ಕಾ'. ಇಪ್ಪತ್ತೊಂಬತ್ತರಿಂದ ಉದ್ದಕ್ಕೆ ಬಾಣ ಎಳೆಯೋಣ ಎಂದು ಪೆನ್ಸಿಲ್ ಇಟ್ಟವಳು ನಿಂತಳು.

ಆ ಚೌಕದಲ್ಲಿ ನೀಲಿ ಪೆನ್ನಿನಲ್ಲಿ ಸಣ್ಣದಾಗಿ ಏನೋ ಬರೆದಿತ್ತು. ದಿನಸಿ ಪಟ್ಟಿ ಬರೆಯುವ ಅಪ್ಪನ ಸೊಟ್ಟ ಅಕ್ಷರ.

'ಕಳಲೆ ಹೆಚ್ಚಿ ನೆನೆಸುವುದು. ಅಭಿ.'

ಮೂವತ್ತರಲ್ಲಿ 'ನೀರು ಬದಲು. ಅಭಿ.' ಮೂವತ್ತೊಂದರಲ್ಲಿ 'ನೀರು ಬದಲು. ಅಭಿ.' ಹಾಳೆ ಮಗುಚಿದರೆ ಆಗಸ್ಟ್ ಒಂದರಲ್ಲಿ 'ಪಲ್ಯ!'

ಅವಳು ಕಣ್ಣು ಕಿರಿದು ಮಾಡಿ ತಾರೀಖಿನ ಕೆಳಗಿನ ಅಚ್ಚಿನ ಅಕ್ಷರ ಓದಿದಳು. ಆಷಾಢ. ಮುಂದಿನ ದಿನವೂ ಆಷಾಢ. ಆಗಸ್ಟ್ ಹನ್ನೆರಡರವರೆಗೂ ಆಷಾಢ!

"ಆಯೀ, ಕ್ಯಾಲೆಂಡರ್ ತಪ್ಪು ಪ್ರಿಂಟ್ ಆಜು!"

ಅಕ್ಕಿ ಆರಿಸುತ್ತಿದ್ದ ಆಯಿ ತಲೆ ಎತ್ತಿದಳು. "ತಪ್ಪೆಂತ ಇಲ್ಲೆ. ಈ ವರ್ಷ ಅಧಿಕ ಮಾಸ ಬೈಂದಲೇ. ಜ್ಯೇಷ್ಠ ಮಾಸ ಎರಡು ಸಲ. ಹಂಗಾಗಿ ಆಷಾಢ ಮುಂದೆ ಹೋಯ್ದು."

"ಹಂಗಾರೆ ಅಧಿಕ ಮಾಸದಲ್ಲೂ ಮದುವೆ ಇಲ್ಲೆ ಅಲ್ದಾ? ಅವಾಗ ಅಪ್ಪ ಮನೇಲಿ ಇರ್ತ್ನಾ?"

"ಎಲ್ಲಿ! ಸಪ್ತಾಹ, ಸಂತರ್ಪಣೆ ಹೇಳಿ ಇಡೀ ತಿಂಗಳು ಒಪ್ಕಂಡಾಜು."

ಆ ತಿಂಗಳಿನಲ್ಲೂ ಕೆಂಪು ಸುತ್ತುಗಳೇ ಇದ್ದವು. ಅಭಿಜ್ಞಾ ಸ್ಟೂಲಿನ ಮೇಲೇ ಕುಳಿತಳು.

"ಆಯಿ, ಇದು ಆಷಾಢ ಹೇಳಿ ಅಪ್ಪಂಗೆ ಗೊತ್ತಿತ್ತಾ?"

"ಪಂಚಾಂಗ ನೋಡ್ದೆ ಅಪ್ಪ ಒಂದು ಹೆಜ್ಜೆ ಇಡ್ತ್ನಿಲ್ಲೆ. ಯುಗಾದಿ ದಿನವೇ ಕುಳಿತು ಬರೆದಿದ್ದ ಅದನ್ನ."

ಗೊತ್ತಿತ್ತು. ಅಪ್ಪನಿಗೆ ಗೊತ್ತಿತ್ತು. ಅದಕ್ಕೇ ಅವನು ಕ್ಯಾಲೆಂಡರ್ ನೋಡಿದ್ದು. ನೋಡಿಯೂ 'ಜುಲೈ ಹೇಳಿದ್ರೆ ಜುಲೈ' ಎಂದಿದ್ದ.

ಅಭಿಜ್ಞಾಳಿಗೆ ಆಗ ಏನು ಮಾಡಬೇಕೆಂದೇ ತಿಳಿಯಲಿಲ್ಲ. ಆ ನದಿ ಬೇಕಿತ್ತು, ತುಂಬಾ ಬೇಕಿತ್ತು. ಕಣ್ಣು ಮುಚ್ಚಿದರೆ ಆ ಮರಿ ನೀರಿಗೆ ಕಾಲಿಡುತ್ತಿತ್ತು, ತೆಗೆಯುತ್ತಿತ್ತು. ಆದರೆ ಕಣ್ಣು ಬಿಟ್ಟರೆ ಎದುರಿಗೆ ನೀಲಿ ಅಕ್ಷರ. ಅಳು ಬಂತು. ಆಯಿಗೆ ಕಾಣಬಾರದೆಂದು ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡಳು.

ಭಾನುವಾರ ಮಧ್ಯಾಹ್ನ ಅಪ್ಪ ಬಂದ. "ಕೂಸೆ, ಹೋಳಿಗೆ ತಂದಿದ್ದೆ," ಎಂದು ಪೊಟ್ಟಣ ಕೊಟ್ಟು, ಗೋಡೆಗೆ ಒರಗಿದವನು ಹಾಗೆಯೇ ನಿದ್ದೆ ಹೋದ. ಅಭಿಜ್ಞಾ ಪಕ್ಕದಲ್ಲಿ ಕುಳಿತಳು. ಅವನ ಅಂಗಿಯಿಂದ ಹೊಗೆ ಮತ್ತು ಇಂಗಿನ ವಾಸನೆ ಬರುತ್ತಿತ್ತು. ಕಿವಿಯ ಮೇಲೆ ಸಿಕ್ಕಿಸಿದ ನೀಲಿ ಪೆನ್ನು ಬೀಳುವಂತಿತ್ತು. ಅದನ್ನು ಮೆಲ್ಲಗೆ ತೆಗೆದು ಅವನ ಕಿಸೆಗೆ ಇಟ್ಟಳು. ಅಪ್ಪ ಎದುರಿಗೇ ಇದ್ದ. ಆದರೂ ಅವನು ಎದ್ದು ಮಾತಾಡಲಿ ಎಂದು ಅವಳಿಗೆ ಎಷ್ಟೊಂದು ಆಸೆಯಾಯಿತು! ಸಂಜೆಯವರೆಗೆ ಕಾದಳು. ಸಂಜೆ ಯಲ್ಲಾಪುರದ ಮದುವೆಯವರು ಫೋನ್ ಮಾಡಿದರು. ಅಪ್ಪ ಎದ್ದು ದಿನಸಿ ಪಟ್ಟಿ ಬರೆಯಲು ಕುಳಿತ.

ಶಾಲೆಗೆ ಬೇಸಿಗೆ ರಜೆಯಿತ್ತು. ಸೋಮವಾರ ಬೆಳಿಗ್ಗೆ ಸ್ಕೂಟರಿನಲ್ಲಿ ಇಬ್ಬರೂ ಶಿರಸಿಗೆ ಹೋದರು. ಶಂಭುಲಿಂಗ ಅವರು ಕಂಪ್ಯೂಟರ್ ಮುಂದೆ ತಯಾರಾಗಿದ್ದರು. ಅವರ ಹಿಂದಿನ ಗೋಡೆಯಲ್ಲಿ ದೊಡ್ಡ ಫೋಟೊ. ಧೂಳು, ನದಿ, ನೆಗೆಯುತ್ತಿರುವ ವೈಲ್ಡ್‌ಬೀಸ್ಟ್‌ಗಳು. ಅಭಿಜ್ಞಾ ಅದನ್ನು ನೋಡಬಾರದೆಂದುಕೊಂಡರೂ ನೋಡಿದಳು.

"ಬರ್ರಿ ಬರ್ರಿ. ಜುಲೈ ಇಪ್ಪತ್ತಾರು, ಹೌದಲ್ರೀ?"

"ಹೌದು, ಜು..." ಅಪ್ಪ ಶುರು ಮಾಡಿದ.

"ನವೆಂಬರ್," ಎಂದಳು ಅಭಿಜ್ಞಾ.

ಇಬ್ಬರೂ ಅವಳ ಕಡೆ ತಿರುಗಿದರು.

"ನವೆಂಬರಿಗೆ ಆ ಹಿಂಡು ಇರೂದಿಲ್ಲವ್ವಾ."

"ಗೊತ್ತು ಅಂಕಲ್." ಅವಳು ಗೋಡೆಯ ಫೋಟೊದಿಂದ ಕಣ್ಣು ತೆಗೆದಳು. "ನವೆಂಬರಿನಲ್ಲಿ ಅಪ್ಪ ಹೇಗಿದ್ರೂ ಮನೇಲಿ ಇರೋದಿಲ್ಲ. ಜುಲೈನಲ್ಲಿ ಅಪ್ಪಂಗೆ ಕೆಲಸ ಇದೆ."

ಶಂಭುಲಿಂಗ ಅವರು ನಕ್ಕರು. "ಆಷಾಢದಾಗ ಅಡಿಗಿ ಭಟ್ರಿಗೆ ಎಂಥಾ ಕೆಲ್ಸಾ?"

"ನೀರು ಬದಲಾಯಿಸೋದು."

ಶಂಭುಲಿಂಗ ಅವರಿಗೆ ಏನೂ ಅರ್ಥವಾಗಲಿಲ್ಲ. ಅಪ್ಪನಿಗೆ ಆಯಿತು. ಅವನು ಕಿವಿಯ ಮೇಲಿನ ಪೆನ್ನು ತೆಗೆದ, ಸುಮ್ಮನೆ ನೋಡಿದ, ಮತ್ತೆ ಅಲ್ಲೇ ಸಿಕ್ಕಿಸಿಕೊಂಡ.

"ನವೆಂಬರೇ ಮಾಡಿ ಶಂಭುಲಿಂಗ ಅವ್ರೇ," ಎಂದ. "ಗದ್ದಲ ಕಡಿಮೆ. ಅಜ್ಜಂದಿರಿಗೂ ಆರಾಮು."

ವಾಪಸು ಬರುವಾಗ ಸ್ಕೂಟರ್ ನಿಧಾನ ಹೋಗುತ್ತಿತ್ತು. ಅಭಿಜ್ಞಾ ಹಿಂದೆ ಕುಳಿತು ಅಪ್ಪನ ಬೆನ್ನಿಗೆ ಕೆನ್ನೆ ಒತ್ತಿದ್ದಳು.

"ಅಪ್ಪಾ, ಆ ಮರಿ ನದಿ ದಾಟಿಕ್ಕಾ?"

"ಆಚೆ ದಡದಲ್ಲಿ ಅದರ ಆಯಿ ನಿಂತಿತ್ತು ಹೇಳಿ ನೀನೇ ಹೇಳಿದ್ದೆ ಅಲ್ದಾ?"

"ಹೌದು. ತಿರುಗಿ ನಿಂತು ಕರೀತಾ ಇತ್ತು."

"ಹಂಗಾರೆ ದಾಟಿಕ್ಕು ಕೂಸೆ."

ಮನೆಗೆ ಬಂದ ಕೂಡಲೇ ಅಪ್ಪ ಯಲ್ಲಾಪುರಕ್ಕೆ ಹೊರಟ. ಸ್ಕೂಟರಿನ ಸದ್ದು ಪೂರ್ತಿ ಮರೆಯಾಗುವವರೆಗೂ ಅಭಿಜ್ಞಾ ಬಾಗಿಲಲ್ಲಿ ನಿಂತಿದ್ದಳು. ಆಮೇಲೆ ರಬ್ಬರ್ ಹಿಡಿದು ಸ್ಟೂಲ್ ಹತ್ತಿದಳು. 'ಆ' ಅಳಿಸಿದಳು, 'ಫ್ರಿ' ಅಳಿಸಿದಳು, 'ಕಾ' ಅಳಿಸಿದಳು. ಎಷ್ಟು ತಿಕ್ಕಿದರೂ ಅದರ ಗುರುತು ಮಸುಕಾಗಿ ಉಳಿಯಿತು. ಉಳಿದರೆ ಉಳಿಯಲಿ ಎಂದು ಬಿಟ್ಟಳು.

ಆಷಾಢದ ಚೌಕಗಳಲ್ಲಿ ಕೆಂಪು ಸುತ್ತು ಒಂದೂ ಇರಲಿಲ್ಲ. ಅಭಿಜ್ಞಾ ಇಂದಿನಿಂದ ಆ ಮೊದಲ ಚೌಕದವರೆಗೆ ಎಷ್ಟು ದಿನ ಎಂದು ಒಂದೊಂದಾಗಿ ಎಣಿಸತೊಡಗಿದಳು.